ವೇದಾವತಿಯ ಕೋಡಿ

ಮಾರಿ ಕಣಿವೆ ಎಂದೊಡನೆ ನನ್ನ ಶಿಷ್ಯರು ‘1907’ ಎಂದು ಥಟ್ಟನೆ ಉತ್ತರಿಸುತ್ತಿದ್ದರು. 1898ರಲ್ಲಿ ಆರಂಭವಾದ ವಾಣಿವಿಲಾಸ ಸಾಗರದ ಕಟ್ಟೆ ಮುಗಿದ ವರ್ಷವದು. ಪರೀಕ್ಷೆಗೆ ಅಷ್ಟು ಸಾಕಿತ್ತು. ನಿಜವಾದ ಇತಿಹಾಸವಿರುವುದು ಅನಂತರ. 130 ಅಡಿಯ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ!

ಇದಕ್ಕೆ ಮಳೆಯೊಂದನ್ನೇ ದೂರುವುದು ಸರಿಯಲ್ಲ. ಕಡೂರಿನ ಬಳಿ ವೇದಾ, ಅವತಿಗಳು ಕೂಡಿ ಆಗುವ ಈ ನದಿ ಕೆರೆಗಳ ಕೋಡಿಯಿಂದ ಬೆಳೆಯುವಂಥದು. ಜನ ಹೆಚ್ಚಿದಂತೆ ರಾಗಿ, ಜೋಳದ ಹೊಲಗಳು ತೆಂಗು, ಅಡಿಕೆಯ ತೋಟಗಳಾದವು. ತೋಟಕ್ಕೆ ಬೇಸಿಗೆಯಲ್ಲೂ ನೀರು ಬೇಕು. ಬಾವಿ ಬತ್ತಿದಲ್ಲಿ ಕೊಳವೆಬಾವಿ ಬಂದಿತು. ಅಂತರ್ಜಲ ಕುಸಿದ ನೆಲ ಮೊದಲ ಮಳೆಗಳನ್ನೆಲ್ಲ ತಾನೇ ಕುಡಿದುಬಿಡುತ್ತದೆ. ತುಂಬದ ಕೆರೆಗೆ ಕೋಡಿಯೆಲ್ಲಿಯದು? ಮೇಲಿನವರ ಲಾಭವೇ ಹಿರಿಯೂರಿನ ಅಚ್ಚುಕಟ್ಟಿನ ರೈತನ ನಷ್ಟವಾಯಿತು. ಆದರೂ ಹೊಸದುರ್ಗದ ತೋಟದವನನ್ನು ನಾನು ಬೈಯಲಾರೆ. ರಾಗಿ ಮಾರಿದ ಹಣದಲ್ಲಿ ಮಕ್ಕಳನ್ನು ಓದಿಸುವ ಕಷ್ಟವನ್ನು ನಿಮ್ಮಲ್ಲಿ ಹಲವರ ತಂದೆತಾಯಿಗಳು ಬಲ್ಲರು.

ಈಚಿನ ವರ್ಷಗಳಲ್ಲಿ ಭದ್ರೆಯ ನೀರನ್ನು ಎತ್ತಿ ತಂದು ಇಲ್ಲಿಗೆ ಹರಿಸಿದ್ದಾರೆ. 2025ರ ಜನವರಿಯಲ್ಲಿ, ಮಳೆಯಿಲ್ಲದ ತಿಂಗಳಲ್ಲಿ, ಜಲಾಶಯ ಮೂರನೆಯ ಸಲ ಕೋಡಿ ಬಿದ್ದಿತು. ಆ ನೀರಿನಲ್ಲಿ ವೇದಾವತಿಯ ಸ್ವಂತದ್ದೆಷ್ಟು?