ಊದಿದ ಕಾಲಿಗೆ ಹಗುರ ಕೈ

ಹೊನ್ನಾಳಿ ಸೀಮೆಯಲ್ಲಿ ಎಣ್ಣೆ ತಿಕ್ಕುವುದು ಮನೆಮನೆಯ ವಿದ್ಯೆ. ದಿನವಿಡೀ ಗದ್ದೆಯ ಕೆಸರಿನಲ್ಲಿ ನಿಂತು ನಾಟಿ ಮಾಡಿ ಬಂದವರು ರಾತ್ರಿ ಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾರೆ. ಬಾಣಂತಿಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕುವುದರಲ್ಲಿ ಪಳಗಿದ ಹಿರಿಯ ಹೆಂಗಸರು ಹಿಂದೂಗಳ ಓಣಿಯಲ್ಲೂ ಇದ್ದರು, ಮುಸ್ಲಿಮರ ಮೊಹಲ್ಲಾದಲ್ಲೂ ಇದ್ದರು. ತಿಕ್ಕುವ ಕೈ ಗಟ್ಟಿಯಾದಷ್ಟೂ ನೋವು ಬೇಗ ಇಳಿಯುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆ. ದುಡಿದು ಬಿಗಿದ ಮೈಗೆ ಅದರಿಂದ ಹಾಯೆನಿಸುವುದೂ ನಿಜ. ಆದರೆ ಒಂದು ಬಗೆಯ ಊತಕ್ಕೆ ಈ ಮಾತು ಹೊಂದುವುದಿಲ್ಲ. ಅಲ್ಲಿ ಗಟ್ಟಿ ಕೈ ಹಾನಿ ಮಾಡುತ್ತದೆ. ಚರ್ಮವನ್ನು ಮೆಲ್ಲಗೆ ಸರಿಸುವ ಹಗುರ ಕೈ ಉಪಕಾರ ಮಾಡುತ್ತದೆ. ಇದನ್ನು ಅರಿಯಲು ವೈದ್ಯಲೋಕಕ್ಕೆ ನೂರಾರು ವರ್ಷ ಬೇಕಾಯಿತು. ಆ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನೋಡೋಣ.

ನಮ್ಮ ದೇಹದಲ್ಲಿ ರಕ್ತನಾಳಗಳ ಜೊತೆಗೆ ಇನ್ನೊಂದು ನಾಳಜಾಲವಿದೆ. ಸೂಕ್ಷ್ಮ ರಕ್ತನಾಳಗಳಿಂದ ಹೊರಗೆ ಒಸರಿದ ನೀರು, ಅದರ ಜೊತೆಗಿನ ಪ್ರೋಟೀನು ಮತ್ತು ಕಸ ಈ ನಾಳಗಳನ್ನು ಸೇರಿ, ದುಗ್ಧಗ್ರಂಥಿಗಳಲ್ಲಿ ಸೋಸಲ್ಪಟ್ಟು, ಕೊನೆಗೆ ಕತ್ತಿನ ಬುಡದಲ್ಲಿ ಮರಳಿ ರಕ್ತವನ್ನು ಸೇರುತ್ತದೆ. ಇದೇ ದುಗ್ಧರಸ ಅಥವಾ ಲಿಂಫ್. ಇದನ್ನು ತಳ್ಳಲು ಹೃದಯದಂತಹ ಪಂಪ್ ಇಲ್ಲ. ನಾಳಗಳು ತಾವೇ ಹಿಗ್ಗಿ ಕುಗ್ಗುವುದರಿಂದ, ನಾವು ಉಸಿರಾಡುವುದರಿಂದ, ಕೈಕಾಲು ಆಡಿಸುವುದರಿಂದ ಅದು ಹರಿಯುತ್ತದೆ. ದಾರಿ ಕಟ್ಟಿಕೊಂಡರೆ, ಹೂಳು ತುಂಬಿದ ಕಾಲುವೆಯ ನೀರು ಗದ್ದೆಯಲ್ಲೇ ನಿಲ್ಲುವಂತೆ, ರಸ ಅಲ್ಲಲ್ಲೇ ನಿಂತು ಕೈಯೋ ಕಾಲೋ ಊದಿಕೊಳ್ಳುತ್ತದೆ.

ಈ ಊತ ಹಿಂದಿನವರಿಗೆ ಅಪರಿಚಿತವೇನಲ್ಲ. ಸುಶ್ರುತ ಸಂಹಿತೆ ಅದನ್ನು ಶ್ಲೀಪದವೆಂದು ಕರೆಯಿತು. ಅರಬ್ ವೈದ್ಯರು ದಾವುಲ್ ಫೀಲ್ ಎಂದರು, ಅಂದರೆ ಆನೆಯ ಕಾಯಿಲೆ. ನಮ್ಮ ಜನರೂ ಆನೆಕಾಲು ರೋಗ ಎಂದೇ ಹೇಳುತ್ತಾರೆ. 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ದಲ್ಕ್, ಅಂದರೆ ತಿಕ್ಕುವ ಚಿಕಿತ್ಸೆಯ ಬಗೆಗಳನ್ನು ಬೇರೆಬೇರೆಯಾಗಿ ವಿವರಿಸಿದರು. ಗಟ್ಟಿಯಾಗಿ ತಿಕ್ಕಿದರೆ ದೇಹ ಬಿಗಿಯಾಗುತ್ತದೆ, ಮೃದುವಾಗಿ ತಿಕ್ಕಿದರೆ ಸಡಿಲವಾಗುತ್ತದೆ ಎಂಬುದು ಅವರು ತೋರಿದ ಭೇದ. ಯುನಾನಿ ಪದ್ಧತಿಯಲ್ಲಿ ಈ ವಿಂಗಡಣೆ ಇಂದಿಗೂ ಉಳಿದಿದೆ. ಆದರೆ ದುಗ್ಧನಾಳಗಳ ಸಂಚಾರ ಆಗ ತಿಳಿದಿರಲಿಲ್ಲವಾದ್ದರಿಂದ, ಇಂದಿನ ಚಿಕಿತ್ಸೆ ಅಂದೇ ಇತ್ತು ಎಂದು ಹೆಮ್ಮೆಪಡುವುದು ಸರಿಯಾಗದು. ಒತ್ತಡದ ಅಳತೆ ಮುಖ್ಯ ಎಂಬ ವಿವೇಕ ಅವರಲ್ಲಿತ್ತು ಎಂದಷ್ಟೇ ಹೇಳಬಹುದು.

1622ರಲ್ಲಿ ಇಟಲಿಯ ಗಾಸ್ಪಾರೆ ಅಸೆಲ್ಲಿ ನಾಯಿಯ ಹೊಟ್ಟೆಯಲ್ಲಿ ಹಾಲಿನ ಬಣ್ಣದ ನಾಳಗಳನ್ನು ಕಂಡರು. ಸುಮಾರು 30 ವರ್ಷಗಳ ನಂತರ ಸ್ವೀಡನ್ನಿನ ರುಡ್‌ಬೆಕ್ ಮತ್ತು ಡೆನ್ಮಾರ್ಕಿನ ಬಾರ್ತೊಲಿನ್ ಇವು ಒಂದು ಪ್ರತ್ಯೇಕ ವ್ಯವಸ್ಥೆಯೆಂದು ತೋರಿಸಿದರು. ಆನೆಕಾಲಿನ ಕಾರಣ ಪತ್ತೆಯಾಗಲು ಮತ್ತೆ ಎರಡು ಶತಮಾನ ಹಿಡಿಯಿತು. 1872ರಲ್ಲಿ ಕಲ್ಕತ್ತೆಯಲ್ಲಿ ತಿಮೊಥಿ ಲೂಯಿಸ್ ಮನುಷ್ಯರ ರಕ್ತದಲ್ಲಿ ಫೈಲೇರಿಯಾ ಹುಳುವಿನ ಮರಿಗಳನ್ನು ಗುರುತಿಸಿದರು. 1877ರಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಚೀನಾದಲ್ಲಿದ್ದಾಗ ಆ ಮರಿಗಳು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ಕಂಡರು.

ರೋಗದ ಕಾರಣ ಗೊತ್ತಾಯಿತು. ಆದರೆ ಈಗಾಗಲೇ ಊದಿದ ಕಾಲಿಗೆ ಏನು ಮಾಡುವುದು? 1892ರಲ್ಲಿ ಆಸ್ಟ್ರಿಯಾ ಮೂಲದ ಶಸ್ತ್ರವೈದ್ಯ ಅಲೆಕ್ಸಾಂಡರ್ ಫಾನ್ ವಿನಿವಾರ್ಟರ್ ಕಾಲನ್ನು ಎತ್ತರಿಸಿ ಇಡುವುದು, ಮೆಲ್ಲಗೆ ನೀವುವುದು, ಪಟ್ಟಿ ಬಿಗಿಯುವುದು ಎಂಬ ಕ್ರಮವನ್ನು ಬರೆದಿಟ್ಟರು. ಆದರೆ ಅದು ಹೆಚ್ಚು ಪ್ರಚಾರ ಪಡೆಯಲಿಲ್ಲ. 1930ರ ದಶಕದಲ್ಲಿ ಡೆನ್ಮಾರ್ಕಿನ ಎಮಿಲ್ ವೋಡರ್ ಮತ್ತು ಅವರ ಪತ್ನಿ ಎಸ್ಟ್ರಿಡ್ ಫ್ರಾನ್ಸಿನ ಕಾನ್ ಪಟ್ಟಣದಲ್ಲಿ ದುಡಿಯುತ್ತಿದ್ದರು. ಮತ್ತೆಮತ್ತೆ ನೆಗಡಿಯಿಂದ ಬಳಲುವವರ ಕತ್ತಿನ ಗ್ರಂಥಿಗಳು ಊದಿರುವುದನ್ನು ಅವರು ಗಮನಿಸಿದರು. ಗ್ರಂಥಿಗಳನ್ನು ಮುಟ್ಟಬಾರದೆಂದು ವೈದ್ಯರು ನಂಬಿದ್ದ ಕಾಲವದು. ವೋಡರ್ ವೈದ್ಯಕೀಯ ಪದವೀಧರರಲ್ಲ. ಆದರೂ ಅವರು ಹಗುರವಾದ, ವೃತ್ತಾಕಾರದ ಕೈಚಲನೆಗಳನ್ನು ರೂಪಿಸಿ 1936ರಲ್ಲಿ ಪ್ಯಾರಿಸಿನಲ್ಲಿ ಜನರ ಮುಂದಿಟ್ಟರು. 1960ರ ದಶಕದಲ್ಲಿ ಜರ್ಮನಿಯ ವೈದ್ಯ ಯೋಹಾನೆಸ್ ಆಸ್ಡಾಂಕ್ ಅದನ್ನು ವೈದ್ಯಕೀಯ ಪರೀಕ್ಷೆಗೆ ಒಳಪಡಿಸಿದರು. ಮುಂದೆ ಮೈಕೆಲ್ ಫೋಲ್ಡಿ ದಂಪತಿ ಇದರೊಡನೆ ಪಟ್ಟಿ ಕಟ್ಟುವುದು, ವ್ಯಾಯಾಮ ಮತ್ತು ಚರ್ಮದ ಆರೈಕೆಯನ್ನು ಸೇರಿಸಿ ಒಂದು ಪೂರ್ಣ ಚಿಕಿತ್ಸೆಯಾಗಿಸಿದರು.

ಈ ವಿಧಾನದಲ್ಲಿ ಊದಿದ ಜಾಗವನ್ನು ಮೊದಲು ಮುಟ್ಟುವುದಿಲ್ಲ. ಕತ್ತು, ಕಂಕುಳು ಅಥವಾ ತೊಡೆಸಂದಿಯ ಕಡೆ ದಾರಿ ತೆರವು ಮಾಡಿ, ನಂತರ ಕ್ರಮವಾಗಿ ಕೆಳಗಿನ ಭಾಗಕ್ಕೆ ಬರುತ್ತಾರೆ. ಒತ್ತಡ ಚರ್ಮವನ್ನು ಹಿಗ್ಗಿಸುವಷ್ಟು ಮಾತ್ರ. ದುಗ್ಧನಾಳಗಳು ಚರ್ಮದ ಕೆಳಗೇ ಇರುವುದರಿಂದ ಅಷ್ಟು ಸಾಕು; ಬಲವಾಗಿ ಉಜ್ಜಿದರೆ ಆ ಎಳೆನಾಳಗಳಿಗೇ ಪೆಟ್ಟು.

ಇನ್ನು ನಮ್ಮ ಕನ್ನಡ ನೆಲಕ್ಕೆ ಬರೋಣ. ಕರ್ನಾಟಕದಲ್ಲಿ ಫೈಲೇರಿಯಾ ಹೆಚ್ಚಾಗಿ ಕಾಡಿದ್ದು ಕಲಬುರಗಿ, ಬೀದರ್, ರಾಯಚೂರು ಭಾಗವನ್ನು ಮತ್ತು ಕರಾವಳಿಯನ್ನು. 1955ರಲ್ಲಿ ಆರಂಭವಾದ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ, 2004ರಲ್ಲಿ ಆರಂಭವಾದ ಸಾಮೂಹಿಕ ಮಾತ್ರೆ ವಿತರಣೆ ಹೊಸಬರಿಗೆ ರೋಗ ಹರಡದಂತೆ ತಡೆಯಲು ಬಂದವು. ಆದರೆ ಮಾತ್ರೆ ನುಂಗಿದ ಮಾತ್ರಕ್ಕೆ ಹಳೆಯ ಊತ ಇಳಿಯುವುದಿಲ್ಲ. ಈ ಕೊರತೆಗೆ ಉತ್ತರ ಹುಡುಕಿದ್ದು ಕಾಸರಗೋಡು. ಅಲ್ಲಿ 1999ರಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಚರ್ಮತಜ್ಞ ಡಾ. ಎಸ್. ಆರ್. ನರಹರಿ ಮತ್ತು ಸಂಗಡಿಗರು ಆಕ್ಸ್‌ಫರ್ಡಿನ ಟೆರೆನ್ಸ್ ರಯಾನ್ ಅವರ ಸಹಕಾರದೊಂದಿಗೆ ಆಧುನಿಕ ವೈದ್ಯ, ಆಯುರ್ವೇದ ಮತ್ತು ಯೋಗವನ್ನು ಒಂದೇ ಕ್ರಮದಲ್ಲಿ ಜೋಡಿಸಿದರು. ಸೋಪಿನಿಂದ ತೊಳೆದು ಒರೆಸುವುದು, ಗಿಡಮೂಲಿಕೆಯ ನೀರಿನಲ್ಲಿ ಕಾಲಿಡುವುದು, ಉಸಿರಾಟ ಮತ್ತು ಆಸನ, ಭಾರತೀಯ ರೀತಿಗೆ ಹೊಂದಿಸಿದ ಹಗುರ ಮಸಾಜ್, ಕೊನೆಗೆ ಪಟ್ಟಿ: ಇವಿಷ್ಟನ್ನೂ ರೋಗಿ ಮತ್ತು ಮನೆಯವರು ಕಲಿತು ಮನೆಯಲ್ಲೇ ಮುಂದುವರಿಸಬೇಕು. ಗುಲ್ಬರ್ಗಾ ಮತ್ತು ಕೇರಳದ ಆಲಪ್ಪುಳ ಜಿಲ್ಲೆಗಳಲ್ಲಿ ಇದನ್ನು ಜನರ ನಡುವೆಯೇ ಪ್ರಯೋಗಿಸಿ, ಊತ ಇಳಿದುದನ್ನು 2013ರಲ್ಲಿ ಪ್ರಕಟಿಸಲಾಯಿತು.

ಹೊನ್ನಾಳಿ ಫೈಲೇರಿಯಾ ಸೀಮೆಯಲ್ಲದಿದ್ದರೂ ಈ ವಿಷಯ ನಮಗೆ ದೂರದ್ದಲ್ಲ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದಾಗ, ಅಥವಾ ವಿಕಿರಣ ಚಿಕಿತ್ಸೆಯ ನಂತರ, ಕೆಲವು ಮಹಿಳೆಯರ ಕೈ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಊದುತ್ತದೆ. ಬಳೆ ಏರುವುದಿಲ್ಲ, ರವಿಕೆಯ ತೋಳು ಹಿಡಿಯುವುದಿಲ್ಲ. ಜೀವ ಉಳಿಯಿತಲ್ಲ, ಇದನ್ನೇನು ಹೇಳಿಕೊಳ್ಳುವುದು ಎಂದು ಸೆರಗಿನಲ್ಲೋ ದುಪಟ್ಟಾದಲ್ಲೋ ಕೈ ಮುಚ್ಚಿಕೊಂಡು ಸುಮ್ಮನಾಗುವವರೇ ಹೆಚ್ಚು. ಇಲ್ಲವೇ ಯಾರೋ ಹೇಳಿದರೆಂದು ಎಣ್ಣೆ ಹಾಕಿ ಬಲವಾಗಿ ಉಜ್ಜಿಸಿಕೊಳ್ಳುತ್ತಾರೆ.

ಈ ಮಸಾಜ್ ಪವಾಡವಲ್ಲ ಎಂಬುದನ್ನೂ ಹೇಳಬೇಕು. ಸ್ತನ ಕ್ಯಾನ್ಸರಿನ ನಂತರದ ಊತದ ಬಗ್ಗೆ ನಡೆದ 6 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ 2015ರಲ್ಲಿ ಪರಿಶೀಲಿಸಿತು. ಈ ವಿಧಾನ ಸುರಕ್ಷಿತ, ಪಟ್ಟಿ ಕಟ್ಟುವುದರ ಜೊತೆ ಸೇರಿದಾಗ ಇನ್ನಷ್ಟು ಪ್ರಯೋಜನ ಕೊಡಬಹುದು ಎಂಬುದು ಅದರ ನಿರ್ಣಯ. ಆದುದರಿಂದ ಮಸಾಜ್ ಮಾಡಿಸಿ ಪಟ್ಟಿ ಬಿಟ್ಟರೆ ಊತ ಮತ್ತೆ ತುಂಬಿಕೊಳ್ಳುತ್ತದೆ. ಕಾಲು ಕೆಂಪಾಗಿ ಜ್ವರ ಬಂದಿದ್ದರೆ, ರಕ್ತ ಹೆಪ್ಪುಗಟ್ಟಿದ್ದರೆ, ಹೃದಯ ಸೋತಿದ್ದರೆ ಇದನ್ನು ಮಾಡಬಾರದು. ಊತಕ್ಕೆ ಮೂತ್ರಪಿಂಡವೋ ಹೃದಯವೋ ಕಾರಣವಾಗಿರಲೂಬಹುದು. ಹಾಗಾಗಿ ಮೊದಲು ವೈದ್ಯರು ನೋಡಬೇಕು, ಆಮೇಲೆ ತರಬೇತಾದ ಕೈ ಮುಟ್ಟಬೇಕು.

ಈ ಚರಿತ್ರೆಯಲ್ಲಿ ನಮಗೆ ಎದ್ದು ಕಾಣುವುದು ಇದು: ದುಬಾರಿ ಯಂತ್ರವಾಗಲಿ ಅಪರೂಪದ ಔಷಧಿಯಾಗಲಿ ಇಲ್ಲಿ ನಾಯಕನಲ್ಲ. ಸೋಪು, ನೀರು, ಬಟ್ಟೆಯ ಪಟ್ಟಿ, ಕಲಿತ ಕೈ ಮತ್ತು ತಪ್ಪದ ದಿನಚರಿ ಕೆಲಸ ಮಾಡುತ್ತವೆ. ನಮ್ಮ ತಾಲೂಕು ಆಸ್ಪತ್ರೆಯ ನರ್ಸುಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಈ ವಿದ್ಯೆಯನ್ನು ಕಲಿಸುವುದು ಅಸಾಧ್ಯವೇನಲ್ಲ. ಬಾಣಂತಿಯರ ಮೈ ತಿಕ್ಕಿದ ತಾಯಂದಿರ ಊರಿದು. ಆರೈಕೆಯ ಮನಸ್ಸು ಇಲ್ಲಿ ಹಿಂದಿನಿಂದಲೂ ಇದೆ. ಅದಕ್ಕೆ ಸರಿಯಾದ ತಿಳಿವಳಿಕೆಯನ್ನು ಸೇರಿಸುವ ಹೊಣೆ ನಮ್ಮದು. ಅಲ್ಲಿಯವರೆಗೆ, ನಮ್ಮ ಮನೆಯಲ್ಲಿ ಯಾರಾದರೂ ಊದಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಾರೆಯೇ ಎಂದು ಒಮ್ಮೆ ಕೇಳಿ ನೋಡೋಣ.