ಗಸಗಸೆ: ಒಂದೇ ಕಾಯಿಯ ಎರಡು ಚರಿತ್ರೆಗಳು

ಹಳೆಯ ಮೈಸೂರು ಸೀಮೆಯ ಹಬ್ಬದೂಟದಲ್ಲಿ ಗಸಗಸೆ ಪಾಯಸಕ್ಕೆ ಹಿರಿಯ ಸ್ಥಾನವಿದೆ. ಹುರಿದ ಗಸಗಸೆಯನ್ನು ಅಕ್ಕಿ, ತೆಂಗಿನತುರಿಗಳೊಡನೆ ನುಣ್ಣಗೆ ಅರೆದು, ಬೆಲ್ಲ ಏಲಕ್ಕಿ ಕೂಡಿಸಿ ಕುದಿಸಿದ ಈ ಪಾಯಸವನ್ನು ಉಂಡವರಿಗೆ ಸೊಗಸಾದ ನಿದ್ರೆ ಬರುವುದೆಂಬುದು ಮನೆಮಾತು. ನಿದ್ರೆಗೆ ಊಟದ ಭಾರವೇ ಕಾರಣವಿರಬಹುದು. ಆದರೆ ಆ ಮಾತಿಗೆ ಆಸರೆಯಾದ ಸಂಗತಿಯೊಂದುಂಟು. ಅಫೀಮು ಒಸರುವುದೂ ಗಸಗಸೆ ಬಲಿಯುವುದೂ ಒಂದೇ ಕಾಯಿಯಲ್ಲಿ.

ಹಸಿರು ಕಾಯಿಯನ್ನು ಗೀರಿದಾಗ ಒಸರುವ ಹಾಲು ಗಟ್ಟಿಯಾಗಿ ಅಫೀಮೆನಿಸುತ್ತದೆ. ಮರುದಿನ ಮುಂಜಾನೆ ಅದನ್ನು ಕೆರೆದು ತೆಗೆದ ಮೇಲೆ ಕಾಯಿ ಗಿಡದಲ್ಲಿಯೇ ಒಣಗುತ್ತದೆ. ಒಡೆದರೆ ಒಳಗೆ ಬೀಜ. ನಮ್ಮ ವೈದ್ಯರು ಇವೆರಡರ ಭೇದವನ್ನು ಬಲ್ಲವರಾಗಿದ್ದರು. 16ನೆಯ ಶತಮಾನದ ‘ಭಾವಪ್ರಕಾಶ’ವು ಅಹಿಫೇನವನ್ನೂ ಖಸಬೀಜವನ್ನೂ ಪ್ರತ್ಯೇಕವಾಗಿ ಹೇಳುತ್ತದೆ. ‘ಅಹಿಫೇನ’ವೆಂದರೆ ಹಾವಿನ ನೊರೆ, ಅರಬ್ಬಿಯ ‘ಅಫ್ಯೂನ್’ ಶಬ್ದಕ್ಕೆ ತೊಡಿಸಿದ ಸಂಸ್ಕೃತದ ಉಡುಗೆ ಇದೆಂದು ತೋರುತ್ತದೆ.

ಹಾಲಿನ ಚರಿತ್ರೆ ಕ್ರೂರವಾದುದು. 19ನೆಯ ಶತಮಾನದಲ್ಲಿ ಮಾಳವದ ಅಫೀಮು ಮುಂಬಯಿ ಬಂದರಿನಿಂದ ಚೀನಕ್ಕೆ ಹೋಗುತ್ತಿದ್ದಿತು. 1843ರಲ್ಲಿ ಸಿಂಧವು ಆಂಗ್ಲರ ಕೈಸೇರಿದ ತರುವಾಯ ಕರಾಚಿಯ ದಾರಿಯೂ ಮುಚ್ಚಿ, ಮುಂಬಯಿಯ ವ್ಯಾಪಾರ ಮತ್ತಷ್ಟು ಬಲಿಯಿತು. ಇಂದು ಕನ್ನಡಿಗರು ನೆಲೆಸಿರುವ ಆ ಮಹಾನಗರದ ಪೂರ್ವಸಂಪತ್ತಿನಲ್ಲಿ ಈ ಹಾಲಿನ ಪಾಲು ಅಲ್ಪವಲ್ಲ. 1907ರ ಒಪ್ಪಂದದ ಬಳಿಕವೇ ಚೀನಕ್ಕೆ ಹೋಗುವ ಸರಕು ಕ್ರಮೇಣ ಇಳಿಯಿತು.

ಬೀಜದ ಚರಿತ್ರೆಯಾದರೋ ಅಡಿಗೆಮನೆಯದು. ವಂಗರಿಗೆ ಅದು ‘ಪೋಸ್ತೊ’. ಆಲೂಗಡ್ಡೆಯೊಡನೆ ನಿತ್ಯದ ಪಲ್ಯ. ಕನ್ನಡಿಗರಿಗೆ ಪಾಯಸ, ಸಾಗುಗಳ ಸಾರ. ಬೀಜದ ತೂಕದಲ್ಲಿ ಅರ್ಧಕ್ಕೆ ಸಮೀಪ ಎಣ್ಣೆಯೇ ಇದೆ. 100 ಗ್ರಾಂನಲ್ಲಿ ಸುಮಾರು 1400 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. 1985ರ ಮಾದಕದ್ರವ್ಯಗಳ ಕಾಯಿದೆಯು ಅಫೀಮು ಗಿಡದ ಒಣಸಿಪ್ಪೆಯನ್ನು ನಿರ್ಬಂಧಿಸುವಾಗ ಬೀಜವನ್ನು ಸ್ಪಷ್ಟವಾಗಿ ಹೊರಗಿರಿಸಿತು.

ಆದರೂ ಬೀಜಕ್ಕೆ ಹಾಲಿನ ಸೋಂಕು ತಪ್ಪದು. ಕೊಯ್ಲಿನ ವೇಳೆ ಅದರ ಮೈಗೆ ಮಾರ್ಫೀನಿನ ಲೇಶ ಅಂಟಬಹುದು. ತೊಳೆದು ಬೇಯಿಸಿದರೆ ಅದು ಬಹುಮಟ್ಟಿಗೆ ತಗ್ಗುತ್ತದೆ. ಯೂರೋಪ ಒಕ್ಕೂಟವು 2021ರ ನಿಯಮದಲ್ಲಿ ಕಿಲೋಗ್ರಾಮಿಗೆ 20 ಮಿಲಿಗ್ರಾಂನ ಮಿತಿಯನ್ನು ವಿಧಿಸಿತು. ತೊಳೆಯದ ಬೀಜವನ್ನು ರಾಶಿಯಾಗಿ ನೆನೆಸಿ ಆ ನೀರನ್ನು ಕುಡಿದವರು ಪ್ರಾಣ ಕಳೆದುಕೊಂಡುದೂ ಉಂಟು. ಸಿಂಗಪುರ, ಸಂಯುಕ್ತ ಅರಬ್ ಎಮಿರೇಟುಗಳಲ್ಲಂತೂ ಗಸಗಸೆಯೇ ನಿಷಿದ್ಧ.

ತಾಯಿ ಕಟ್ಟಿಕೊಟ್ಟ ಸಂಬಾರದ ಪೊಟ್ಟಣದೊಡನೆ ಕಡಲು ದಾಟುವ ಕನ್ನಡಿಗನು ಇದನ್ನು ನೆನಪಿಡಬೇಕು. ತವರಿನಲ್ಲಿ ಮಂಗಳದ್ರವ್ಯವಾದುದು ಪರದೇಶದ ಸುಂಕದ ಕಟ್ಟೆಯಲ್ಲಿ ಅಪರಾಧವಾಗುತ್ತದೆ. ಬೀಜವು ಬದಲಾಗಿಲ್ಲ; ಒಂದೇ ಕಾಯಿಯ ಎರಡು ಚರಿತ್ರೆಗಳಲ್ಲಿ ಅಲ್ಲಿಯವರು ಓದುವುದು ಹಾಲಿನದನ್ನು ಮಾತ್ರ.