ಮನೆಯ ಹಳೆಯ ಕಾಗದಗಳಿಗೆ ಚರ್ಚ್ ಪತ್ರಾಗಾರ: ಕೊಡುವ ಮುನ್ನ ತಿಳಿಯಬೇಕಾದ ಸಂಗತಿಗಳು

ಹಿರಿಯರ ಟ್ರಂಕಿನಲ್ಲಿ ಉಳಿದ ಪತ್ರ, ದಿನಚರಿ, ಲೆಕ್ಕದ ಪುಸ್ತಕಗಳು ಆಸ್ತಿ ಪಾಲಾಗುವಾಗ ಅಥವಾ ಹಳೆಯ ಮನೆ ಕೆಡವುವಾಗ ಬಹುಮಟ್ಟಿಗೆ ರದ್ದಿ ಅಂಗಡಿ ಸೇರುತ್ತವೆ. ಸಭಾಪಾಲಕರು, ಉಪದೇಶಿಗಳು ಹಾಗೂ ಮಿಷನ್ ಶಾಲೆಯ ಶಿಕ್ಷಕರ ಮನೆತನಗಳಲ್ಲಿ ಇಂತಹ ಕಾಗದಗಳು ಊರಿನ ಚರಿತ್ರೆಗೂ ಆಧಾರ. ಅವುಗಳಿಗೆ ಚರ್ಚ್ ಪತ್ರಾಗಾರ ಭದ್ರ ನೆಲೆಯಾಗಬಲ್ಲದು.

ಚದುರಿದ ಚರಿತ್ರೆ

2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಪ್ರದೇಶಗಳು 1953ರವರೆಗೆ ಬಳ್ಳಾರಿ ಜಿಲ್ಲೆಯೊಂದಿಗೆ ಮದ್ರಾಸ್ ಆಡಳಿತಕ್ಕೆ ಒಳಪಟ್ಟಿದ್ದವು. ಬಳ್ಳಾರಿಯಲ್ಲಿ ಲಂಡನ್ ಮಿಷನ್ ಕಾರ್ಯವನ್ನು ಜಾನ್ ಹ್ಯಾಂಡ್ಸ್ 1810ರಲ್ಲಿ ಆರಂಭಿಸಿದರು. ಮಂಗಳೂರಿನಲ್ಲಿ 1843ರಲ್ಲಿ ಹುಟ್ಟಿದ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಮರುವರ್ಷ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ ಎನಿಸಿತು.

ಲಂಡನ್ ಮಿಷನ್ನಿನ ಪತ್ರವ್ಯವಹಾರ ಈಗ ಲಂಡನ್ನಿನ ಸೋಯಾಸ್ ಗ್ರಂಥಾಲಯದಲ್ಲಿದೆ. ಅದು ಮುಖ್ಯವಾಗಿ ಮಿಷನರಿಗಳು ಕಂಡ ಚರಿತ್ರೆ. ಸ್ಥಳೀಯರು ಕನ್ನಡದಲ್ಲಿ ಬರೆದಿಟ್ಟದ್ದನ್ನು ಅವರವರ ಮನೆಗಳಲ್ಲಿಯೇ ಹುಡುಕಬೇಕು.

ಎಲ್ಲಿ, ಏನು?

ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಹಾಗೂ ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜುಗಳಲ್ಲಿ ಪತ್ರಾಗಾರಗಳಿವೆ. ಬಲ್ಮಠದ ಸಂಗ್ರಹದಲ್ಲಿ ಬಾಸೆಲ್ ಮಿಷನ್ನಿನ ಸಾಹಿತ್ಯಕ್ಕೆ ಪ್ರಾಧಾನ್ಯ. ತಮ್ಮ ಕಾಗದಗಳು ಯಾವ ಸಂಗ್ರಹಕ್ಕೆ ಹೊಂದುತ್ತವೆ ಎಂಬುದನ್ನು ಮೊದಲೇ ವಿಚಾರಿಸುವುದು ಒಳಿತು.

ಪತ್ರಗಳು, ದಿನಚರಿ, ಪ್ರಸಂಗಗಳ ಹಸ್ತಪ್ರತಿ, ಸಭೆಯ ನಡಾವಳಿ, ಛಾಯಾಚಿತ್ರಗಳು ಮೌಲ್ಯಯುತ. ದೀಕ್ಷಾಸ್ನಾನ, ವಿವಾಹದ ಮೂಲ ಪ್ರಮಾಣಪತ್ರಗಳು ಹಾಗೂ ಆಸ್ತಿಪತ್ರಗಳು ಕುಟುಂಬಕ್ಕೆ ಮುಂದೆಯೂ ಬೇಕಾಗುವುದರಿಂದ ಅವುಗಳ ನಕಲು ಕೊಟ್ಟರೆ ಸಾಕು.

ಕಾಗದಗಳನ್ನು ಲ್ಯಾಮಿನೇಷನ್ ಮಾಡಿಸಬಾರದು, ಹರಿದಲ್ಲಿ ಟೇಪು ಅಂಟಿಸಬಾರದು. ಕಟ್ಟುಗಳ ಮೂಲ ಕ್ರಮವನ್ನು ಕೆಡಿಸದೆ ಪಟ್ಟಿ ಮಾಡಬೇಕು. ಚಿತ್ರದಲ್ಲಿರುವವರ ಹೆಸರು, ಊರು, ವರ್ಷವನ್ನು ಬಲ್ಲ ಹಿರಿಯರಿಂದ ಕೇಳಿ ಬರೆದಿಡಬೇಕು. ಅವರ ನಂತರ ಆ ಮಾಹಿತಿ ದೊರೆಯುವುದು ಕಷ್ಟ.

ಲಿಖಿತ ಒಪ್ಪಂದ ಅಗತ್ಯ

ಕಾಗದಗಳನ್ನು ಕೊಡುವ ಮುನ್ನ ವಾರಸುದಾರರೆಲ್ಲರ ಒಪ್ಪಿಗೆ ಪಡೆಯಬೇಕು. ಕೊಡುವುದು ದಾನವಾಗಿಯೋ, ಕೇವಲ ಸುರಕ್ಷತೆಗಾಗಿಯೋ ಎಂಬುದು ಬರಹದಲ್ಲಿ ಸ್ಪಷ್ಟವಾಗಿರಬೇಕು. ಬದುಕಿರುವವರ ಖಾಸಗಿ ವಿಷಯಗಳಿದ್ದರೆ ನಿಗದಿತ ಅವಧಿಯವರೆಗೆ ಓದುಗರಿಗೆ ತೆರೆಯದಂತೆ ಷರತ್ತು ವಿಧಿಸಬಹುದು. ಪತ್ರಾಗಾರಕ್ಕೆ ಬೇಡವಾದ ಕಾಗದಗಳನ್ನು ಹಿಂದಿರುಗಿಸಬೇಕೇ ಎಂಬುದನ್ನೂ ನಮೂದಿಸಬೇಕು.

ಕಾಗದದ ಒಡೆತನ ಬೇರೆ, ಹಕ್ಕುಸ್ವಾಮ್ಯ ಬೇರೆ. ಬಂದ ಪತ್ರ ಮನೆಯವರದಾದರೂ ಅದರ ಬರಹದ ಹಕ್ಕು ಸಾಮಾನ್ಯವಾಗಿ ಬರೆದವರದು ಅಥವಾ ಅವರ ವಾರಸುದಾರರದು. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಅದರ ವರ್ಗಾವಣೆ ಲಿಖಿತವಾಗಿರಬೇಕು.

ಮನೆಯಲ್ಲಿ ಒಂದು ಪ್ರತಿ, ಪಟ್ಟಿ ಹಾಗೂ ಸ್ವೀಕೃತಿ ಪತ್ರ ಉಳಿದರೆ ಮುಂದಿನ ಪೀಳಿಗೆಗೆ ತಮ್ಮ ಕಾಗದಗಳು ಎಲ್ಲಿವೆಯೆಂಬುದು ತಿಳಿಯುತ್ತದೆ.